ಸವತಿಯ ಊರಿನಲ್ಲಿ ಆರು ದಿನ

ಹಡಗಿನ ಅಡುಗೆಯವನನ್ನು ಮದುವೆಯಾಗಿ ಮೂವತ್ತಾರು ವರ್ಷವಾದರೂ ಅವನ ಹೆಂಡತಿ ಸಮುದ್ರ ನೋಡಿರಲಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಅವನು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಅವರ ಊರು ಒಳನಾಡಿನಲ್ಲಿತ್ತು. ಬಂದರಿಗೆ ಒಂದು ಹಗಲು ಒಂದು ರಾತ್ರಿಯ ರೈಲು ಪ್ರಯಾಣ. ಅಕ್ಕಪಕ್ಕದ ಹೆಂಗಸರು ಯಜಮಾನರು ಎಲ್ಲಿ ಎಂದು ಕೇಳಿದರೆ "ನನ್ನ ಸವತಿ ಮನೇಲಿ" ಎನ್ನುತ್ತಿದ್ದಳು. ಹೊಸಬರು ಏನು ಹೇಳಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾಗುತ್ತಿದ್ದರು. ಹಳಬರು ನಕ್ಕು ಮುಂದೆ ಹೋಗುತ್ತಿದ್ದರು.

ಅವನು ಕೆಲಸ ಬಿಟ್ಟು ಮನೆ ಸೇರಿದ ಎರಡನೆಯ ವರ್ಷ ಅವಳ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಕೊಯ್ದು ತೆಗೆದರು, ತಿಂಗಳುಗಟ್ಟಲೆ ಔಷಧಿ ಏರಿಸಿದರು, ಆದರೂ ಮತ್ತೆ ಚಿಗುರಿತು. ಕೊನೆಗೊಂದು ದಿನ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದು, ಇನ್ನು ಆಸ್ಪತ್ರೆಗೆ ಅಲೆಯುವುದು ಬೇಡ, ಅವರಿಗೆ ಇಷ್ಟವಾದದ್ದನ್ನು ಮಾಡಿ ಎಂದರು. ಅವನು ಹೊರಗೆ ಬಂದು ಗೋಡೆಯ ಕಡೆ ಮುಖ ಮಾಡಿ ನಿಂತ. ಅವಳು ಬೆಂಚಿನ ಮೇಲಿಂದಲೇ ಕೇಳಿದಳು.

"ನನಗೆ ಇಷ್ಟ ಬಂದದ್ದು ಮಾಡ್ಬೇಕಂತಾ?"

"ನಿನಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಬೆನ್ನು ನೋಡಿದ್ರೇ ಗೊತ್ತಾಗತ್ತೆ. ಸರಿ, ಹಾಗಿದ್ರೆ ನನ್ನ ಸವತೀನ ಒಂದ್ಸಲ ತೋರಿಸಿ. ಅವಳಲ್ಲಿ ಅಂಥದ್ದು ಏನಿದೆ ಅಂತ ನೋಡ್ಬಿಡ್ತೀನಿ."

ಅವನು ಒಳ್ಳೆಯ ಹೋಟೆಲು ಹಿಡಿಯೋಣ ಎಂದ. ಅವಳು ಸುತರಾಂ ಒಪ್ಪಲಿಲ್ಲ. "ಯಾರೋ ಮಾಡಿದ್ದನ್ನ ಇನ್ಯಾರೋ ತಂದಿಡೋದು ನನಗೆ ಬೇಡ. ಒಲೆ ಇರೋ ಮನೆ ನೋಡಿ. ಊರವರಿಗೆಲ್ಲ ಬೇಯಿಸಿ ಹಾಕಿದ್ರಿ. ನನಗೂ ಒಂದು ವಾರ ಬೇಯಿಸಿ ಹಾಕಿ."

ಮಾತು ಚುಚ್ಚಿತು, ಏಕೆಂದರೆ ಅದು ನಿಜವಾಗಿತ್ತು. ರಜೆಗೆ ಬಂದಾಗ ಅವನು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ರಜೆಯಲ್ಲೂ ಸೌಟು ಹಿಡಿಯಬೇಕೇ ಎಂದು ಅವನಿಗೆ ಬೇಸರ. ಪಾಪ, ದಣಿದು ಬಂದಿದ್ದಾರೆ ಎಂದು ಅವಳಿಗೆ ಕನಿಕರ. ಹೀಗೆ ಇಡೀ ಸಂಸಾರ ಕಳೆದುಹೋಗಿತ್ತು.

ಮನೆ ಹುಡುಕಿಕೊಟ್ಟವನು ಅವಳ ತಮ್ಮ. ಅವನು ಕಾರ್ಖಾನೆಯೊಂದರ ಬಸ್ ಓಡಿಸುತ್ತಿದ್ದ; ಐವತ್ತಾದರೂ ಮದುವೆಯ ಗೋಜಿಗೆ ಹೋಗಿರಲಿಲ್ಲ. ರಜಾದಿನಗಳನ್ನು ಕಳೆಯಲು ಬರುವವರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ, ಪಾತ್ರೆಪಗಡಿ ಸಮೇತ ಸಜ್ಜಾದ ಮನೆ ಅದು. "ಏಳನೇ ದಿನ ನಾನೇ ಕಾರು ತಂದು ಕರ್ಕೊಂಡು ಹೋಗ್ತೀನಿ ಅಕ್ಕ" ಎಂದು ಹೇಳಿ ಅವರಿಬ್ಬರನ್ನೂ ರೈಲು ಹತ್ತಿಸಿದ.

ಮನೆ ಮೂರನೆಯ ಮಹಡಿಯಲ್ಲಿತ್ತು. ನೋಡಿಕೊಳ್ಳುವ ಹೆಂಗಸು ನೆಲಮಹಡಿಯಲ್ಲೇ ವಾಸವಾಗಿದ್ದಳು. ಸೊಂಟದಲ್ಲಿ ಒಂದು ದೊಡ್ಡ ಕೀಲಿಗೊಂಚಲು, ನಡೆದರೆ ಝಣಝಣ. ಲಿಫ್ಟಿನಲ್ಲಿ ಮೇಲೆ ಹೋಗುವಷ್ಟರಲ್ಲೇ ಅಡುಗೆಯವನ ಹೆಂಡತಿ ಅವಳಿಗೆ ಬೀಗದಮ್ಮ ಎಂದು ಹೆಸರಿಟ್ಟಾಗಿತ್ತು. ಬೀಗದಮ್ಮ ಒಂದೊಂದೇ ಕಪಾಟು ತೆರೆದು ತೋರಿಸಿದಳು. ತಟ್ಟೆ ನಾಲ್ಕು, ಲೋಟ ನಾಲ್ಕು, ಹಿಡಿ ಸಡಿಲವಾದ ಬಾಣಲೆ ಒಂದು, ಮುಚ್ಚಳವಿಲ್ಲದ ಪಾತ್ರೆ ಒಂದು. ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ, ಕಾಲಿನ ಮರಳನ್ನು ಹೊರಗೇ ತೊಳೆದು ಬನ್ನಿ ಎಂದು ಬರೆದಿತ್ತು. ಹಾಲ್‌ನಲ್ಲಿ ಬಿಚ್ಚಿದರೆ ಮಂಚವಾಗುವ ಸೋಫಾ, ಗೋಡೆಯ ಮೇಲೆ ದೋಣಿಯ ಚಿತ್ರ. ಹಾಲ್‌ನ ಕಿಟಕಿ ರಸ್ತೆಗೆ, ಮಲಗುವ ಕೋಣೆಯದು ಪಕ್ಕದ ಕಟ್ಟಡಕ್ಕೆ. ಸಮುದ್ರ ಕಾಣುತ್ತಿದ್ದುದು ಅಡುಗೆಮನೆಯ ಕಿಟಕಿಯಿಂದ ಮಾತ್ರ.

"ಎಲ್ಲರೂ ಇದನ್ನೇ ಹೇಳಿ ಬೈಕೊಳ್ತಾರೆ" ಎಂದಳು ಬೀಗದಮ್ಮ, ತಾನೇ ತಪ್ಪಾಗಿ ಕಟ್ಟಿಸಿದವಳಂತೆ ಸಂಕೋಚಪಡುತ್ತ.

"ನಾನು ಬೈಯಲ್ಲಮ್ಮ. ನಾವು ಬಂದಿರೋದೇ ಅಡುಗೆಮನೇಲಿ ಕೂರೋಕೆ" ಎಂದಳು ಅವನ ಹೆಂಡತಿ. ಒಲೆಯ ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, ಆಮೇಲೆ ಕಿಟಕಿಯತ್ತ ಕತ್ತು ಹೊರಳಿಸಿದಳು. ಬಹಳ ಹೊತ್ತು ನೋಡಿದಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ಇದೇನಾ?"

"ಇದೇ."

"ಇನ್ನೂ ದೊಡ್ಡದಿರತ್ತೆ ಅಂದ್ಕೊಂಡಿದ್ದೆ."

"ಇಲ್ಲಿಂದ ಅಷ್ಟೇ ಕಾಣೋದು ಕಣೇ."

"ಇರಲಿ ಬಿಡಿ. ಬಣ್ಣ ಮಾತ್ರ ಚೆನ್ನಾಗಿದೆ. ನನಗಿಂತ ಲಕ್ಷಣವಾಗಿದಾಳೆ" ಎಂದು ನಕ್ಕಳು. ನಕ್ಕಿದ್ದಕ್ಕೆ ಹೊಟ್ಟೆ ನೋವಾಗಿ ಕೈ ಒತ್ತಿ ಹಿಡಿದುಕೊಂಡಳು.

ಮೊದಲ ದಿನದ ಗಂಜಿಯ ಕಥೆಯೇ ಬೇರೆ. ಹಡಗಿನಲ್ಲಿ ಇಪ್ಪತ್ತೆಂಟು ಜನಕ್ಕೆ ಬೇಯಿಸಿದ ಕೈ ಅದು. ತಲೆ ಎಷ್ಟೇ ಎಚ್ಚರ ಹೇಳಿದರೂ ಕೈ ತನ್ನ ಪಾಡಿಗೆ ತಾನು ಅಕ್ಕಿ ಸುರಿಯಿತು. ಗಂಜಿ ಉಕ್ಕಿತು, ಅರ್ಧವನ್ನು ಬಾಣಲೆಗೆ ಬಗ್ಗಿಸಿದ, ಅದೂ ತುಂಬಿತು, ಕೊನೆಗೆ ನಾಲ್ಕು ಲೋಟಗಳಿಗೂ ತುಂಬಿದ. ಅವಳು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ರೀ, ಸಮುದ್ರದ ಜೊತೆ ಸ್ಪರ್ಧೆಗೆ ಇಳಿದಿದೀರಾ?"

ಅವಳು ಕುಡಿದದ್ದು ಮೂರು ಚಮಚ. ಉಳಿದದ್ದನ್ನು ಅವನು ಬೀಗದಮ್ಮನಿಗೆ ಕೊಟ್ಟ; ಅವಳು ಕೆಳಗಿನ ಮನೆಗೆ ಬಂದಿದ್ದವರಿಗೂ ಹಂಚಿ, ಪಾತ್ರೆ ತೊಳೆದು ತಂದಿಟ್ಟು, "ಉಪ್ಪು ಹದವಾಗಿತ್ತು ಅಂದ್ರು" ಎಂದು ಹೇಳಿ ಹೋದಳು. ಮಾರನೆಯ ದಿನದಿಂದ ಅಕ್ಕಿ ಅಳೆಯುವ ಕೆಲಸವನ್ನು ಹೆಂಡತಿಯೇ ವಹಿಸಿಕೊಂಡಳು. ಅವಳ ಒಂದು ಸಣ್ಣ ಹಿಡಿ, ಅಷ್ಟೇ. ಅವನು ಬೆಳಿಗ್ಗೆ ಕೆಳಗಿನ ಅಂಗಡಿ ಸಾಲಿಗೆ ಹೋಗಿ ಸೊಪ್ಪು, ಬೀನ್ಸು, ಎಳೆಯ ಸೋರೆಕಾಯಿ ತರುತ್ತಿದ್ದ. ಅವಳು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಒಂದೊಂದೇ ಬೀನ್ಸಿನ ನಾರು ಬಿಡಿಸುತ್ತಿದ್ದಳು. ಹತ್ತು ಬೀನ್ಸಿಗೆ ಅರ್ಧ ಗಂಟೆ. ಇಬ್ಬರಿಗೂ ಅವಸರವಿರಲಿಲ್ಲ. ಮೂವತ್ತಾರು ವರ್ಷದಲ್ಲಿ ಹೀಗೆ ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕೂತದ್ದು ಇದೇ ಮೊದಲು ಎಂದು ಇಬ್ಬರಿಗೂ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ನೀರಿನ ಹತ್ತಿರ ಹೋಗಬೇಕು ಎಂದಳು. ಬೀಗದಮ್ಮ ಎಲ್ಲಿಂದಲೋ ಒಂದು ಚಕ್ರದ ಕುರ್ಚಿ ಹೊಂದಿಸಿ ತಂದಳು. ಸಿಮೆಂಟಿನ ದಾರಿ ಇದ್ದಷ್ಟು ದೂರ ಅದು ಉರುಳಿತು. ಮರಳಿಗೆ ಇಳಿದದ್ದೇ ಹೂತುಕೊಂಡು ನಿಂತಿತು. ಅವನು ಸುತ್ತ ಒಮ್ಮೆ ನೋಡಿ, ಬಾಗಿ, ಅವಳನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡ.

"ಏ, ಜನ ನೋಡ್ತಾರೆ! ಬಿಡಿ ಅಂದ್ರೆ."

"ನೋಡ್ಲಿ ಬಿಡು."

ಹಡಗಿನ ಉಗ್ರಾಣದಲ್ಲಿ ಅಕ್ಕಿಮೂಟೆ ಹೊತ್ತು ಏಣಿ ಹತ್ತಿದವನು ಅವನು. ಅಷ್ಟೇ ಭಾರಕ್ಕೆ ಸಿದ್ಧನಾಗಿ ಎತ್ತಿದ್ದ. ಅವಳು ಹೂವಿನ ಬುಟ್ಟಿಯಷ್ಟು ಸಲೀಸಾಗಿ ಮೇಲೆ ಬಂದುಬಿಟ್ಟಳು. ಏನೂ ಆಗದವನಂತೆ ನಡೆದು, ಒದ್ದೆ ಮರಳಿನ ಮೇಲೆ ತನ್ನ ಟವೆಲ್ ಹಾಸಿ ಕೂರಿಸಿದ. ನೀರು ಬಂದು ಅವಳ ಪಾದ ಮುಟ್ಟಿತು. ಅವಳು ಚಿಕ್ಕ ಹುಡುಗಿಯಂತೆ ಕಾಲು ಎಳೆದುಕೊಂಡು, ಮತ್ತೆ ಚಾಚಿದಳು.

ಆಮೇಲೆ, ನೀರಿನ ಕಡೆಯೇ ನೋಡುತ್ತ, ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು.

"ಪುಟ್ಟಿ ಹೋದ ದಿನ ನೀವು ಇದರಲ್ಲಿ ಎಲ್ಲಿದ್ರಿ? ಕೈ ಮಾಡಿ ತೋರಿಸಿ."

ಪುಟ್ಟಿ ಅವರ ಒಬ್ಬಳೇ ಮಗಳು. ನಾಲ್ಕು ವರ್ಷ ತುಂಬಿದ ಮೇಲೆ ಜ್ವರ ಬಂದು, ಎರಡು ದಿನದಲ್ಲಿ ಹೋಗಿಬಿಟ್ಟಿದ್ದಳು. ಆಗ ಅವನು ಹಡಗಿನಲ್ಲಿದ್ದ. ಅದಾಗಿ ಮೂವತ್ತೊಂದು ವರ್ಷ. ಗಂಡಹೆಂಡಿರು ಆ ವಿಷಯವನ್ನು ಎತ್ತುತ್ತಲೇ ಇರಲಿಲ್ಲ.

ಅವನು ಕೈ ಎತ್ತಿ ನೀರಿನ ತುದಿಯನ್ನು ತೋರಿಸಿದ. "ಆ ಕಡೆ. ತುಂಬಾ ದೂರ."

"ಸುದ್ದಿ ಎಷ್ಟು ದಿನಕ್ಕೆ ಮುಟ್ಟಿತ್ತು?"

"ನಲವತ್ತು ದಿನ ಆಗಿತ್ತು. ಆಗ್ಲೇ ಹೇಳಿದ್ನಲ್ಲ."

"ಹೌದು. ಹೇಳಿದ್ರಿ" ಎಂದಳು ಅವಳು. ಸ್ವಲ್ಪ ಹೊತ್ತಿನ ಮೇಲೆ ಚಳಿಯಾಗುತ್ತಿದೆ ಎಂದಳು. ಎತ್ತಿಕೊಂಡು ಬಂದ.

ಮಾರನೆಯ ದಿನ ಅವನ ಗಂಜಿ ತಳ ಹಿಡಿಯಿತು. ಬಿರುಗಾಳಿಯಲ್ಲಿ ಹಡಗು ಮಗುಚುವಂತೆ ಹೊಯ್ದಾಡುವಾಗಲೂ ಸೀಯಿಸದವನು, ಅಲುಗದ ನೆಲದ ಮೇಲೆ, ಒಂದು ಹಿಡಿ ಅಕ್ಕಿಯನ್ನು ಸೀಯಿಸಿದ. ಎರಡನೆಯ ಸಲ ಇಟ್ಟದ್ದೂ ಸೀದಿತು. ಅವಳು ಒಲೆ ಆರಿಸಲು ಹೇಳಿದಳು. ಅವನು ಆರಿಸಿದ. ಪಾತ್ರೆಯನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟು, ಅವಳಿಗೆ ಬೆನ್ನು ಹಾಕಿ ನಿಂತೇ ಹೇಳಿದ.

"ಇವಳೇ, ನಲವತ್ತು ದಿನ ಅಲ್ಲ."

ಅವಳು ಮಡಿಲಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಐದನೇ ದಿನಕ್ಕೇ ಮುಟ್ಟಿತ್ತು. ನಾವು ಬಂದರಿನಲ್ಲೇ ಇದ್ವಿ. ಕ್ಯಾಪ್ಟನ್ ನನ್ನ ಕರೆದು ತಂತಿ ಕೈಯಲ್ಲಿಟ್ರು. ಇಳಿದು ಹೋಗು, ಟಿಕೆಟ್ಟಿಗೆ ಹೇಳ್ತೀನಿ ಅಂದ್ರು. ನಾನೇ... ನಾನೇ ಹೋಗಲ್ಲ ಅಂದೆ. ಹೋಗಿ ನಿನ್ನ ಮುಖ ಹೇಗೆ ನೋಡ್ಲಿ? ಮಗು ಇಲ್ಲದ ಮನೆಗೆ ಹೇಗೆ ಬರ್ಲಿ? ಕಾಲು ಏಳಲಿಲ್ಲ ಕಣೇ. ಅಡುಗೆಮನೆಗೆ ಹೋಗಿ ಇಪ್ಪತ್ತೆಂಟು ಜನಕ್ಕೆ ಊಟ ಮಾಡಿ ಹಾಕ್ದೆ. ನಾಲ್ಕು ತಿಂಗಳು ಹಾಗೇ ಮಾಡಿ ಹಾಕ್ದೆ. ಮನೆಗೆ ಬಂದಾಗ ಯಾವಾಗ ಗೊತ್ತಾಯ್ತು ಅಂತ ನೀನು ಕೇಳ್ದೆ. ನಲವತ್ತು ದಿನ ಅಂತ ಬಾಯಿಗೆ ಬಂತು."

ನಲ್ಲಿಯ ನೀರು ಪಾತ್ರೆ ತುಂಬಿ ಹರಿಯುತ್ತಿತ್ತು. ಅವಳು ಹೇಳಿದಳು. "ನಲ್ಲಿ ನಿಲ್ಲಿಸಿ. ಇಲ್ಲಿ ಬಂದು ಕೂತ್ಕೊಳಿ."

ಅವನು ನಿಲ್ಲಿಸಿ ಬಂದು, ಕುರ್ಚಿಯಲ್ಲಿ ಕೂರಲಾರದೆ ಅವಳ ಕಾಲ ಬಳಿ ನೆಲದ ಮೇಲೆ ಕುಕ್ಕರಿಸಿದ.

"ನನಗೆ ಗೊತ್ತಿತ್ತು" ಎಂದಳು.

ಅವನು ತಲೆ ಎತ್ತಿದ.

"ನಿಮ್ಮ ಕ್ಯಾಪ್ಟನ್ ಕಾಗದ ಬರೆದಿದ್ರು. ನೀವು ಬರೋಕೆ ಎರಡು ತಿಂಗಳು ಮುಂಚೇನೇ ಬಂತು. ಮಗಳು ತೀರಿಕೊಂಡ ಸುದ್ದಿ ಇಂಥಾ ತಾರೀಕು ತಿಳಿದ ಮೇಲೂ ನಿಮ್ಮ ಯಜಮಾನರು ಕೆಲಸ ಬಿಟ್ಟು ಇಳಿಯಲಿಲ್ಲ, ಅವರ ಕರ್ತವ್ಯನಿಷ್ಠೆ ದೊಡ್ಡದು ಅಂತ. ತುಂಬಾ ಹೊಗಳಿದ್ರು ನಿಮ್ಮನ್ನ." ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಬರೀ ದಣಿವಿತ್ತು. "ಓದಿ ಒಲೆಗೆ ಹಾಕ್ದೆ. ನೀವು ಬಂದ್ರಿ. ಕೇಳ್ದೆ. ಸುಳ್ಳು ಹೇಳಿದ್ರಿ. ಇವತ್ತಲ್ಲ ನಾಳೆ ಹೇಳ್ತಾರೆ ಅಂದ್ಕೊಂಡೆ."

"ಮೂವತ್ತೊಂದು ವರ್ಷ..."

"ಕೋಪ ಇತ್ತು ರೀ. ಎಷ್ಟಿತ್ತು ಅಂದ್ರೆ, ನಿಮ್ಮ ತಟ್ಟೆಗೆ ಅನ್ನ ಹಾಕಿ, ನೀವು ಉಣ್ಣೋದನ್ನ ನೋಡಲಾರದೆ ಎದ್ದು ಹೋಗ್ತಿದ್ದೆ. ನೀವು ಮತ್ತೆ ಹಡಗು ಹತ್ತಿದ್ರೆ ಸಾಕಪ್ಪ ಅನ್ನಿಸ್ತಿತ್ತು. ಹೋದ ಮೇಲೆ ಯಾವಾಗ ಬರ್ತೀರೋ ಅನ್ನಿಸ್ತಿತ್ತು. ಹಾಗೇ ನಡೀತು. ಆಮೇಲೆ ಕೋಪಕ್ಕೂ ವಯಸ್ಸಾಯ್ತು."

ಅವನು ಅವಳ ಮಂಡಿಗೆ ಹಣೆ ಒತ್ತಿ, ದೊಡ್ಡ ದನಿ ತೆಗೆದು ಅತ್ತ. ಅವಳು ಬೆರಳುಗಳನ್ನು ಅವನ ನರೆತ ಕೂದಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅತ್ತು ಮುಗಿದ ಮೇಲೆ ಅವನು ಕೇಳಿದ. "ಕ್ಷಮಿಸಿದೀಯಾ?"

ಅವಳು ನಿಧಾನವಾಗಿ ಯೋಚಿಸಿ ಹೇಳಿದಳು. "ಆ ಮಾತು ನನ್ನ ಬಾಯಲ್ಲಿ ಬರ್ತಿಲ್ಲ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಈಗ ನಿಮ್ಮನ್ನ ಬಿಟ್ಟು ಇನ್ಯಾರ ಕೈಯಿಂದ್ಲೂ ಗಂಜಿ ಕುಡಿಯೋಕೆ ನನಗೆ ಇಷ್ಟ ಇಲ್ಲ. ಇಷ್ಟರಲ್ಲೇ ತಿಳ್ಕೊಳಿ."

ಅವನು ಎದ್ದು ಮೂರನೆಯ ಸಲ ಒಲೆ ಹಚ್ಚಿದ. ಈ ಸಲ ಸೀಯಲಿಲ್ಲ. ಎರಡು ಚಮಚ ಕುಡಿದ ಮೇಲೆ ಅವಳು, ನನ್ನದೂ ಒಂದು ಹೇಳುವುದಿದೆ ಎಂದಳು.

ಪುಟ್ಟಿಗೆ ಜ್ವರ ಏರಿದ ಎರಡನೆಯ ಮಧ್ಯಾಹ್ನ ಡಾಕ್ಟರನ್ನು ಕರೆತರಲು ಅವಳ ತಮ್ಮ ಓಡಿದ್ದ. ಆಗ ಅವನಿಗೆ ಹತ್ತೊಂಬತ್ತು. ಅರ್ಧ ಗಂಟೆಯಲ್ಲಿ ಬರಬೇಕಾದವನು ಎರಡು ಗಂಟೆ ಬಿಟ್ಟು ಬಂದ. ಡಾಕ್ಟರು ಬೇರೆ ಯಾರದೋ ಮನೆಗೆ ಹೋಗಿದ್ದರು. ಅಲ್ಲಿಗೆ ಹೋಗಿ ಕರೆತರಬಹುದಿತ್ತು, ಆದರೆ ದೊಡ್ಡವರನ್ನು ನಡುವೆ ಕರೆಯಲು ಹೆದರಿ ಡಾಕ್ಟರ ಮನೆಯ ಗೇಟಿನ ಹೊರಗೇ ಕಾದು ನಿಂತಿದ್ದ. ಅವರು ಬರುವಷ್ಟರಲ್ಲಿ ಮಗು ಅವಳ ಮಡಿಲಲ್ಲೇ ಹೋಗಿತ್ತು.

"ಡಾಕ್ಟರು ಹೋಗುವಾಗ ನನ್ನೊಬ್ಬಳನ್ನೇ ಕರೆದು ಹೇಳಿದ್ರು. ಬೆಳಿಗ್ಗೇನೇ ಬಂದಿದ್ರೂ ಉಳಿಸೋಕೆ ಆಗ್ತಿರಲಿಲ್ಲಮ್ಮ, ಜ್ವರ ತಲೆಗೆ ಏರಿತ್ತು, ಆ ಹುಡುಗನಿಗೆ ಹೇಳು, ತಾನೇ ಕೊಂದೆ ಅಂತ ಒದ್ದಾಡ್ತಿದಾನೆ ಅಂತ. ನಾನು ಹೇಳ್ಲಿಲ್ಲ."

"ಯಾಕೆ?"

"ಯಾರ ಮೇಲಾದ್ರೂ ಸಿಟ್ಟು ಮಾಡ್ಬೇಕಿತ್ತು. ನೀವು ಇರಲಿಲ್ಲ. ಕೈಗೆ ಸಿಕ್ಕವನು ಅವನು." ಅವಳು ಉಸಿರು ತೆಗೆದುಕೊಂಡಳು. "ಮೊದಲನೇ ವರ್ಷ ಬೇಕೂಂತ್ಲೇ ಹೇಳ್ಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾನಲ್ಲಾ ಅಂತ ನಾಚಿಕೆಯಾಗಿ ಹೇಳ್ಲಿಲ್ಲ. ಅವನು ಮದುವೆ ಬೇಡ ಅಂದ. ಮಕ್ಕಳನ್ನ ಎತ್ತಿಕೊಳ್ಳಲ್ಲ. ನೀವು ನೋಡಿದೀರಲ್ಲ, ಯಾರಾದ್ರೂ ಕೂಸು ಕೊಟ್ರೆ ಕೈ ಹಿಂದೆ ಕಟ್ಕೊಳ್ತಾನೆ. ಅವನು ಹಾಗೇ ಅಂತ ಎಲ್ಲರೂ ನಗ್ತಾರೆ. ನಾನೂ ಅವರ ಜೊತೆ ನಕ್ಕಿದೀನಿ ರೀ."

"ಈಗ್ಲೇ ಫೋನ್ ಮಾಡಿ ಹೇಳ್ಬಿಡೋಣ."

"ಫೋನಲ್ಲಿ ಹೇಳೋ ಮಾತಾ ಇದು? ಬರ್ತಾನಲ್ಲ. ಇಲ್ಲೇ ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ."

ಅವನು ಒತ್ತಾಯ ಮಾಡಲಿಲ್ಲ. ಮುಂದೆ ಎಷ್ಟೋ ಸಲ, ಆವತ್ತು ಫೋನನ್ನು ಅವಳ ಕೈಗೆ ತುರುಕಬೇಕಿತ್ತು ಎಂದು ಅವನು ಪರಿತಪಿಸಿದ್ದುಂಟು.

ಐದನೆಯ ದಿನ ಅವಳು ಹೆಚ್ಚು ಹೊತ್ತು ನಿದ್ದೆ ಮಾಡಿದಳು. ಸಂಜೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿ, ಕಿಟಕಿಯಲ್ಲಿ ಬೆಳಕು ಹೋಗುವ ತನಕ ಕೂತಳು. ಬೀಗದಮ್ಮ ಎರಡು ಪೇರಳೆಹಣ್ಣು ತಂದುಕೊಟ್ಟಳು. ತಿನ್ನಲಾಗದಿದ್ದರೂ ಅವಳು ಒಂದನ್ನು ಮೂಗಿಗೆ ಹಿಡಿದು ಮೂಸುತ್ತ, ಇಷ್ಟೇ ಸಾಕು, ಹೊಟ್ಟೆ ತುಂಬಿತು ಎಂದಳು. ಅವಳು ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದು.

ಆರನೆಯ ದಿನ ಬೆಳಿಗ್ಗೆ ಅವನು ಬಿಸಿನೀರು ತಂದು ಕರೆದರೆ ಅವಳು ಕಣ್ಣು ಬಿಟ್ಟಳೇ ಹೊರತು ಮಾತಾಡಲಿಲ್ಲ. ಬಲಗೈ ಎತ್ತಿ ಬಿಟ್ಟರೆ ಜಾರಿ ಬೀಳುತ್ತಿತ್ತು. ಅವನು ಬರಿಗಾಲಲ್ಲಿ ಮೂರು ಮಹಡಿ ಇಳಿದು ಬೀಗದಮ್ಮನ ಬಾಗಿಲು ಬಡಿದ. ಅವಳು ಡಾಕ್ಟರನ್ನು ಕರೆಸಿದಳು. ಡಾಕ್ಟರು ನೋಡಿ, ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ಹಿಂಸೆ ಕೊಡಬೇಡಿ, ಹತ್ತಿರದವರಿದ್ದರೆ ಕರೆಸಿಕೊಳ್ಳಿ ಎಂದು ಹೇಳಿ ನೋವಿಗೊಂದು ಚುಚ್ಚುಮದ್ದು ಕೊಟ್ಟು ಹೋದರು.

ಭಾಮೈದ ಮಧ್ಯಾಹ್ನ ಮೂರಕ್ಕೆ ಬಂದು ತಲುಪಿದ. ಮಾರನೆಯ ದಿನ ಕರೆದೊಯ್ಯಲೆಂದು ಹಿಂದಿನ ರಾತ್ರಿಯೇ ಕಾರಿನಲ್ಲಿ ಹೊರಟಿದ್ದವನು, ದಾರಿಯಲ್ಲಿ ಫೋನ್ ಬಂದ ಮೇಲೆ ಎಲ್ಲೂ ನಿಲ್ಲಿಸದೆ ಓಡಿಸಿಕೊಂಡು ಬಂದಿದ್ದ, ಕಣ್ಣು ಕೆಂಡವಾಗಿತ್ತು. ಅಕ್ಕನ ಪಕ್ಕ ಕೂತು ಕೈ ಹಿಡಿದುಕೊಂಡು, "ಅಕ್ಕ, ನಾನು ಬಂದೆ" ಎಂದ. ಅವಳು ಅವನನ್ನು ಗುರುತಿಸಿದಳು. ತುಟಿ ಅಲ್ಲಾಡಿತು. ಏನೋ ಹೇಳಲು ಕತ್ತಿನ ನರಗಳೆಲ್ಲ ಬಿಗಿದು ಬಂದವು, ಆದರೆ ಹೊರಬಂದದ್ದು ಬರೀ ಗಾಳಿ. ಗಂಡನ ಕಡೆ ಕಣ್ಣು ಹೊರಳಿಸಿದಳು. ಆ ನೋಟದ ಅರ್ಥ ಅವನಿಗೆ ಗೊತ್ತಾಯಿತು. "ನಾನು ಹೇಳ್ತೀನಿ. ಎಲ್ಲಾ ಹೇಳ್ತೀನಿ" ಎಂದ. ಅವಳ ಕತ್ತು ಸಡಿಲವಾಯಿತು. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆಯ ಮೇಲಿದ್ದ ಬಿಸಿಲು ಪೂರ್ತಿ ಜಾರುವ ಮೊದಲೇ ಉಸಿರು ನಿಂತಿತು.

ಬೆಳಗಾಯಿತು. ಅವಳನ್ನು ಊರಿಗೆ ಒಯ್ಯುವ ವ್ಯಾನು ಹತ್ತು ಗಂಟೆಗೆ ಬರುವುದೆಂದು ಹೇಳಿದ್ದರು. ಅದೇ ದಿನ ಮಧ್ಯಾಹ್ನ ಆ ಮನೆಗೆ ಬೇರೊಂದು ಕುಟುಂಬ ಬರುವುದಿತ್ತು. ಬೀಗದಮ್ಮ ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಮಾತಾಡುವುದು ಒಳಗೆ ಕೇಳಿಸಿತು. "ಇಲ್ಲ, ಇವತ್ತು ಆ ಮನೆ ಕೊಡೋಕಾಗಲ್ಲ. ಇನ್ನೂ ಇದಾರೆ. ನಾನು ಹೇಳ್ತಿದೀನಲ್ಲ, ಗಂಡ ಹೆಂಡತಿ ಇಬ್ಬರೂ ಇದಾರೆ."

ಇಬ್ಬರು ಗಂಡಸರೂ ಅಡುಗೆಮನೆಯಲ್ಲಿ ಕೂತಿದ್ದರು. ಅಡುಗೆಯವನು ಚಹಾ ಮಾಡಿ ಇಟ್ಟಿದ್ದ, ಯಾರೂ ಮುಟ್ಟಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಮೊದಲು ತನ್ನದು. ತಂತಿ, ಬಂದರು, ಇಳಿಯುವುದಿಲ್ಲ ಎಂದದ್ದು, ನಲವತ್ತು ದಿನದ ಸುಳ್ಳು. ಆಮೇಲೆ ಡಾಕ್ಟರು ಹೇಳಿದ್ದ ಮಾತು. ಭಾಮೈದ ಕಲ್ಲಿನಂತೆ ಕೂತು ಕೇಳಿದ.

"ಬೆಳಿಗ್ಗೇನೇ ಬಂದಿದ್ರೂ ಉಳೀತಿರಲಿಲ್ಲ ಅಂದ್ರಾ?"

"ಹಾಗಂತ ಹೇಳಿದ್ರಂತೆ."

"ಅಕ್ಕನಿಗೆ ಆವತ್ತಿಂದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಭಾಮೈದ ಧಡಕ್ಕನೆ ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು. "ಮೂವತ್ತೊಂದು ವರ್ಷ ಭಾವ! ಮೂವತ್ತೊಂದು ವರ್ಷ ಅವಳ ಮುಂದೆ ತಲೆ ತಗ್ಗಿಸಿಕೊಂಡು ಓಡಾಡ್ದೆ. ಅವಳು ಕರೆದಾಗೆಲ್ಲ ಓಡಿ ಬಂದೆ. ಎರಡನೇ ಸಲ ಕರೆಯೋಕೆ ಬಿಡ್ಲಿಲ್ಲ. ಒಂದು ಮಾತು ಹೇಳೋಕಾಗಲಿಲ್ವಾ ಅವಳಿಗೆ? ಒಂದು ಮಾತು!"

ಅವನು ಮಲಗುವ ಕೋಣೆಯ ಬಾಗಿಲಿನವರೆಗೆ ಹೋದ. ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ ಅಕ್ಕನನ್ನು ಬೈಯಲೆಂದೇ ಹೋದವನಂತೆ ಕಾಣುತ್ತಿದ್ದ. ಬಾಗಿಲ ಚೌಕಟ್ಟು ಹಿಡಿದು ನಿಂತ. ಬಾಯಿ ತೆರೆದ. ಬೈಗುಳ ಬರಲಿಲ್ಲ. ಅಡುಗೆಯವನು ಹಿಂದಿನಿಂದ ಹೇಳಿದ.

"ಅವಳನ್ನ ಬೈಬೇಡ. ಬೈಯೋದಾದ್ರೆ ನನ್ನ ಬೈ. ನಾನು ಬಂದಿದ್ರೆ ಆ ಸಿಟ್ಟೆಲ್ಲ ನನ್ನ ಮೇಲೆ ಬೀಳ್ತಿತ್ತು. ನಾನು ಬರಲಿಲ್ಲ. ನನ್ನ ಪಾಲಿಂದು ನೀನು ತಿಂದೆ."

ಭಾಮೈದ ತಿರುಗಿ ಅವನನ್ನು ನೋಡಿದ. ಹೊಡೆದೇಬಿಡುತ್ತಾನೆ ಎಂದುಕೊಂಡ ಅಡುಗೆಯವನು. ಹೊಡೆದರೆ ಹೊಡೆಯಲಿ ಎಂದು ಅಲ್ಲಾಡದೆ ನಿಂತ. ಭಾಮೈದ ಹೊಡೆಯಲಿಲ್ಲ. ಒಳಗೆ ಹೋಗಿ ಅಕ್ಕನ ತಲೆಯ ಹತ್ತಿರ ಕೂತು, ಹೊದಿಕೆ ಸರಿಸಿ, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಒತ್ತಿದ. ಅವನ ಹೆಗಲು ಅದುರಲು ಶುರುವಾಯಿತು. "ಹುಚ್ಚಿ" ಎಂದ. "ಹುಚ್ಚಿ ನೀನು. ಹೇಳಿದ್ರೆ ನಾನು ಏನು ಅಂತಿದ್ದೆ ನಿನಗೆ? ಏನೂ ಅಂತಿರಲಿಲ್ಲ ಕಣೇ."

ಬಹಳ ಹೊತ್ತಿನ ಮೇಲೆ ಮುಖ ತೊಳೆದು ಅಡುಗೆಮನೆಗೆ ವಾಪಸು ಬಂದ. ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅಡುಗೆಯವನು ಬಹಳ ಸಂಕೋಚದಿಂದ ಕೇಳಿದ.

"ಪುಟ್ಟಿ ಹೇಗಿದ್ಲು?"

"ಅಂದ್ರೆ?"

"ನಾಲ್ಕು ವರ್ಷದಲ್ಲಿ ನಾನು ಅವಳನ್ನ ನೋಡಿದ್ದು ಎಲ್ಲಾ ಸೇರಿ ಏಳು ತಿಂಗಳು. ಕೊನೆಗೆ ನೋಡಿದಾಗ್ಲೂ ನಾನು ಹೊಸಬ ಅಂತ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿರಲಿಲ್ಲ. ನಿಮ್ಮಕ್ಕನ್ನ ಕೇಳೋ ಧೈರ್ಯ ಯಾವತ್ತೂ ಆಗಲಿಲ್ಲ. ನೀನು ಅವಳ ಜೊತೇಲೇ ಇದ್ಯಲ್ಲ."

ಭಾಮೈದ ಅವನನ್ನೇ ದಿಟ್ಟಿಸಿದ. ಇವನು ಅಪ್ಪ, ಇವನಿಗೇ ಗೊತ್ತಿಲ್ಲ ಎಂಬುದು ಅವನಿಗೆ ಆಗಷ್ಟೇ ಹೊಳೆದಂತಿತ್ತು.

"ಅವಳಿಗೆ ರ ಬರ್ತಿರಲಿಲ್ಲ" ಎಂದ ಕೊನೆಗೆ. "ಎಲ್ಲದಕ್ಕೂ ಲ. ಮರ ಅಂದ್ರೆ ಮಲ. ನಾವು ನಗ್ತೀವಿ ಅಂತ ಬೇಕೂಂತ್ಲೇ ಹೇಳೋಳು."

ಅಡುಗೆಯವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಆಮೇಲೆ?"

"ಕೊಡೆ ಕಂಡ್ರೆ ಹೆದರಿಕೆ. ಬಿಚ್ಚಿದ್ರೆ ಸಾಕು, ಮಂಚದ ಕೆಳಗೆ. ಹಾಲು ಕುಡಿದು ಬಂದು, ಕುಡಿದಿಲ್ಲ ಅಂತ ಪಕ್ಕದ ಮನೇಲಿ ಇನ್ನೊಂದು ಲೋಟ ಕುಡಿಯೋಳು. ಮೀಸೆ ಬೆಳ್ಳಗಿರೋದು, ಇಲ್ಲ ಅಂತ ಆಣೆ ಇಡೋಳು."

"ಹೌದಾ?"

"ನನ್ನ ಹೆಗಲ ಮೇಲೆ ಕೂತು ಕಿವಿ ಹಿಡ್ಕೊಳೋಳು. ಬಲಗಿವಿ ಎಳೆದ್ರೆ ನಾನು ಬಲಕ್ಕೆ ತಿರುಗ್ಬೇಕು, ಎಡಗಿವಿ ಎಳೆದ್ರೆ ಎಡಕ್ಕೆ. ತಿರುಗದಿದ್ರೆ ತಲೆ ಮೇಲೆ ಒಂದು ಏಟು." ಭಾಮೈದ ತನಗೇ ಅರಿವಿಲ್ಲದೆ ಕಿವಿ ಮುಟ್ಟಿಕೊಂಡ. ಅವನ ಮುಖದಲ್ಲಿ ನಗುವೂ ಇತ್ತು, ಅಳುವೂ ಇತ್ತು. "ಒಂದ್ಸಲ ಏನಾಯ್ತು ಗೊತ್ತಾ ಭಾವ..."

ಬಾಗಿಲಲ್ಲಿ ಬೀಗದಮ್ಮ ಕಾಣಿಸಿಕೊಂಡಳು. ವ್ಯಾನು ಬಂದು ಕೆಳಗೆ ನಿಂತಿತ್ತು. ಅದನ್ನು ಹೇಳಲು ಬಂದಿದ್ದಳು. ಇಬ್ಬರು ಮುದುಕರಾಗುತ್ತಿರುವ ಗಂಡಸರು ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಒಬ್ಬ ಹೇಳುತ್ತಿದ್ದ, ಇನ್ನೊಬ್ಬ ಒಂದೊಂದು ಮಾತನ್ನೂ ಬಾಯಿಂದ ಕಸಿದುಕೊಳ್ಳುವವನಂತೆ ಕೇಳುತ್ತಿದ್ದ. ಬೀಗದಮ್ಮ ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ಕೆಳಗಿಳಿದು, ಡ್ರೈವರಿಗೆ ಸ್ವಲ್ಪ ಕಾಯಬೇಕಾಗುತ್ತದೆ ಎಂದು ಹೇಳಿದಳು.